ವೀಡಿಯೋ ಆಟಗಳ ಚಿತ್ರವಿಮರ್ಶೆಯಲ್ಲಿ ಯಂತ್ರಬಲದ ವಿಚಾರ

೧

ಒಂದು ಕೃತಿಯನ್ನು ಇನ್ನೊಂದರೊಡನೆ ಹೋಲಿಸಿ ಇದು ಮೇಲು, ಅದು ಕೀಳು ಎಂದು ನಿರ್ಣಯಿಸಬೇಕಾದರೆ ಎರಡಕ್ಕೂ ಸಮಾನವಾದ ಒಂದು ನೆಲೆ ಇರಬೇಕೆಂಬುದು ವಿಮರ್ಶೆಯ ಮೊದಲನೆಯ ಕಟ್ಟಳೆ. ಕಂದಪದ್ಯದಲ್ಲಿ ಅಡಗಿಸಿದ ಮಾತನ್ನು ರಗಳೆಯಲ್ಲಿ ಹರಿಯಬಿಟ್ಟ ಮಾತಿನೊಡನೆ ತೂಗುವವನು ಛಂದಸ್ಸಿನ ಕಟ್ಟನ್ನು ಮರೆತು ವಿಸ್ತಾರವನ್ನು ಮಾತ್ರವೇ ಎಣಿಸಿದರೆ ಆ ತೂಕವು ಸರಿಯಾಗಲಾರದು. ಶಿಲ್ಪದಲ್ಲಿಯೂ ಹೀಗೆಯೇ. ಬೇಲೂರು ಹಳೇಬೀಡುಗಳ ಶಿಲ್ಪಿಗಳಿಗೆ ದೊರೆತದ್ದು ಉಳಿಗೆ ಸುಲಭವಾಗಿ ಬಗ್ಗುವ ಬಳಪದ ಕಲ್ಲು; ಹಂಪೆಯ ಶಿಲ್ಪಿಗಳಿಗೆ ದೊರೆತದ್ದು ಉಳಿಯ ಬಾಯನ್ನು ಮುರಿಯುವ ಕಗ್ಗಲ್ಲು. ಆಭರಣದ ಎಳೆಯೆಳೆಯನ್ನೂ ಬಿಡಿಸಿ ತೋರಿಸುವ ಸೂಕ್ಷ್ಮತೆಯೊಂದನ್ನೇ ಅಳತೆಗೋಲಾಗಿ ಹಿಡಿದು ಈ ಎರಡು ಸಂಪ್ರದಾಯಗಳಿಗೆ ಅಂಕಗಳನ್ನು ಹಂಚಿದರೆ, ಆ ತೀರ್ಪು ಕಲ್ಲಿಗೆ ಸಲ್ಲುವುದೇ ಹೊರತು ಶಿಲ್ಪಿಗೆ ಸಲ್ಲುವುದಿಲ್ಲ. ಹಾಗೆಂದು, ಕಲ್ಲು ಗಟ್ಟಿಯಾಗಿತ್ತೆಂಬ ಒಂದೇ ಕಾರಣದಿಂದ ಹಂಪೆಯ ಪ್ರತಿಯೊಂದು ಕಂಬವೂ ಉತ್ತಮಶಿಲ್ಪವೆಂದು ಹೇಳುವುದೂ ಅಷ್ಟೇ ಅಯುಕ್ತವಾದುದು.

ಈ ಹಳೆಯ ಪ್ರಶ್ನೆಯು ಇತ್ತೀಚಿನ ಕಲೆಗಳಲ್ಲೊಂದಾದ ವೀಡಿಯೋ ಆಟದಲ್ಲಿ ಬೇರೆಲ್ಲಿಯೂ ಕಾಣದಷ್ಟು ತೀವ್ರವಾಗಿ ತಲೆದೋರಿರುವುದು. ವರ್ಣಚಿತ್ರವು ಒಮ್ಮೆ ಬರೆದು ಮುಗಿದರೆ ಹಾಗೆಯೇ ನಿಲ್ಲುವುದು. ಚಲನಚಿತ್ರವು ಒಮ್ಮೆ ಹಿಡಿದದ್ದನ್ನೇ ಮರಳಿ ಮರಳಿ ತೋರಿಸುವುದು. ಆಟದ ಚಿತ್ರವಾದರೋ ಆಟಗಾರನ ಕೈಚಳಕಕ್ಕೆ ತಕ್ಕಂತೆ ಆ ಕ್ಷಣದಲ್ಲಿಯೇ ಹುಟ್ಟತಕ್ಕದ್ದು. ಅವನ ಮನೆಯಲ್ಲಿರುವ ಯಂತ್ರವು ಸೆಕೆಂಡಿಗೆ ಮೂವತ್ತು ಸಲವೋ ಅರುವತ್ತು ಸಲವೋ ಅದನ್ನು ಹೊಸದಾಗಿ ಬರೆಯುವುದು. ಕರ್ತೃವು ಸಿದ್ಧಪಡಿಸುವುದು ಸಾಮಗ್ರಿಯನ್ನೂ ವಿಧಿಯನ್ನೂ ಮಾತ್ರ. ಬರೆಯುವ ಕೈ ಯಂತ್ರದ್ದು. ಕನ್ಸೋಲ್ ಎಂದು ಕರೆಯಲ್ಪಡುವ ಈ ಯಂತ್ರಗಳ ಬಲದಲ್ಲಿಯಾದರೂ ಸಾಮ್ಯವುಂಟೇ ಎಂದರೆ ಅದೂ ಇಲ್ಲ. ೧೯೭೭ರಲ್ಲಿ ಬಂದ ಅಟಾರಿ ಯಂತ್ರಕ್ಕೆ (ಮುಂದೆ ಇದಕ್ಕೆ ಅಟಾರಿ ೨೬೦೦ ಎಂದು ಹೆಸರಾಯಿತು) ಕೆಲಸಮಾಡಲು ಇದ್ದ ಮೆಮೊರಿ ೧೨೮ ಬೈಟ್‌ಗಳು. ೨೦೦೦ದಲ್ಲಿ ಬಂದ ಪ್ಲೇಸ್ಟೇಷನ್ ೨ಕ್ಕೆ ಮುಖ್ಯ ಮೆಮೊರಿಯು ೩೨ ಮೆಗಾಬೈಟ್. ೨೦೨೦ರಲ್ಲಿ ಬಂದ ಪ್ಲೇಸ್ಟೇಷನ್ ೫ಕ್ಕೆ ೧೬ ಗಿಗಾಬೈಟ್. ಮೊದಲನೆಯದಕ್ಕೂ ಕಡೆಯದಕ್ಕೂ ಇರುವ ಅಂತರವು ಹದಿಮೂರು ಕೋಟಿ ಪಾಲಿಗೂ ಮಿಕ್ಕುದು. ಕಾಲದಿಂದ ಕಾಲಕ್ಕೆ ಮಾತ್ರವಲ್ಲದೆ ಒಂದೇ ಕಾಲದಲ್ಲಿಯೂ ಈ ತಾರತಮ್ಯವುಂಟು: ೨೦೦೬ರಲ್ಲಿ ಒಂದೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಎರಡು ಯಂತ್ರಗಳಲ್ಲಿ ಪ್ಲೇಸ್ಟೇಷನ್ ೩ ಸಾವಿರಕ್ಕೂ ಮಿಕ್ಕ ಅಡ್ಡಗೆರೆಗಳ ಚಿತ್ರವನ್ನು ಪರದೆಗೆ ಕಳುಹಿಸಬಲ್ಲುದಾಗಿತ್ತು; ನಿಂಟೆಂಡೋ ವೀ ಯಂತ್ರವು ಸಾಮಾನ್ಯವಾಗಿ ೪೮೦ ಗೆರೆಗಳಲ್ಲಿಯೇ ನಿಲ್ಲುತ್ತಿತ್ತು.

ಹೀಗಿರುವಲ್ಲಿ ಬೇರೆಬೇರೆ ಯಂತ್ರಗಳಿಗಾಗಿ ರಚಿತವಾದ ಆಟಗಳ ಚಿತ್ರವನ್ನು ಯಾವ ನ್ಯಾಯದಿಂದ ತೂಗಬೇಕು ಎಂಬುದೇ ಪ್ರಕೃತ ವಿಚಾರ. ಇದು ಬರಿಯ ಪಂಡಿತರ ವಿನೋದವಲ್ಲ. ಯಾವ ಕೃತಿಯು ಉಳಿಯಬೇಕು, ಯಾವುದನ್ನು ತಿದ್ದಿ ಬರೆಯಬೇಕು, ಯಾವುದನ್ನು ಮರೆಯಬಹುದು ಎಂಬ ನಿರ್ಧಾರಗಳೆಲ್ಲ ಈ ತೀರ್ಪನ್ನು ಅವಲಂಬಿಸಿವೆ; ದುಡ್ಡು ಕೊಟ್ಟು ಆಟವನ್ನು ಕೊಳ್ಳುವವನ ಹಿತವೂ ಇದನ್ನೇ ಅವಲಂಬಿಸಿದೆ.

೨

ರೂಢಿಯಲ್ಲಿರುವ ತೀರ್ಪಿನ ಮಾರ್ಗಗಳು ಎರಡು. ಮೊದಲನೆಯ ಮಾರ್ಗದವರು, ಯಂತ್ರದ ಮಾತನ್ನೇ ಎತ್ತಬಾರದು, ಪರದೆಯ ಮೇಲೆ ಕಂಡದ್ದೇ ಪ್ರಮಾಣವೆನ್ನುವರು. ಎರಡನೆಯ ಮಾರ್ಗದವರು, ಆಯಾ ಯಂತ್ರದ ಶಕ್ತಿಗೆ ತಕ್ಕಂತೆ ಆಯಾ ಚಿತ್ರವನ್ನು ಅಳೆಯಬೇಕೆಂದೂ ಬಡಯಂತ್ರದ ಚಿತ್ರಕ್ಕೆ ರಿಯಾಯಿತಿ ತೋರಬೇಕೆಂದೂ ಹೇಳುವರು. ಇವೆರಡನ್ನೂ ಕ್ರಮವಾಗಿ ಪರೀಕ್ಷಿಸಬೇಕಾಗಿದೆ.

ಮೊದಲನೆಯ ವಾದದಲ್ಲಿ ತಿರುಳಿಲ್ಲದೆ ಇಲ್ಲ. ಆಟಗಾರನ ಕಣ್ಣಿಗೆ ಬೀಳುವುದು ಚಿತ್ರವೇ ಹೊರತು ಮೆಮೊರಿಯ ಲೆಕ್ಕವಲ್ಲ. ಕವಿಗೆ ಓಲೆಗರಿ ಸಾಲದಾಯಿತೆಂದು ಕನಿಕರಪಟ್ಟು ಯಾರೂ ಕಾವ್ಯವನ್ನು ಮೆಚ್ಚಲಾರರು. ಆದರೆ ಈ ವಾದವು ಆಚರಣೆಗೆ ಇಳಿದೊಡನೆ ‘ಕಂಡದ್ದು’ ಎಂಬುದು ‘ಎಣಿಸಲು ಬರುವಂಥದ್ದು’ ಎಂಬುದಾಗಿ ಮಾರ್ಪಡುವುದು. ಪಿಕ್ಸೆಲ್‌ಗಳೆಷ್ಟು, ಬಣ್ಣಗಳೆಷ್ಟು, ಮುಖವೊಂದನ್ನು ಕಟ್ಟಲು ಬಳಸಿದ ತ್ರಿಕೋನಗಳೆಷ್ಟು ಎಂಬ ಗಣನೆಯೇ ವಿಮರ್ಶೆಯ ಸ್ಥಾನವನ್ನು ಆಕ್ರಮಿಸುವುದು. ಈ ಸಂಖ್ಯೆಗಳೆಲ್ಲ ವರ್ಷದಿಂದ ವರ್ಷಕ್ಕೆ ಹೆಚ್ಚುವುವಾದುದರಿಂದ, ಕಲೆಯ ಚರಿತ್ರೆಯು ಯಂತ್ರಗಳ ಬೆಲೆಪಟ್ಟಿಯಾಗಿ ಪರಿಣಮಿಸುವುದು. ಹೊಸ ಯಂತ್ರವು ಬಂದ ದಿನವೇ ಹಳೆಯದೆಲ್ಲವೂ ಅನರ್ಹವಾಗುವುದು.

ಎರಡು ಉದಾಹರಣೆಗಳಿಂದ ಈ ಮಾರ್ಗದ ಕೊರತೆಯು ಸ್ಪಷ್ಟವಾಗುವುದು. ೧೯೮೯ರಲ್ಲಿ ಬಂದ ನಿಂಟೆಂಡೋ ಗೇಮ್ ಬಾಯ್ ಕೈಯಲ್ಲಿ ಹಿಡಿದು ಆಡುವ ಯಂತ್ರ. ಅದರ ಪುಟ್ಟ ಪರದೆಯಲ್ಲಿ ೧೬೦ ಅಡ್ಡ, ೧೪೪ ಉದ್ದ ಪಿಕ್ಸೆಲ್‌ಗಳು; ಹಸಿರುಮಿಶ್ರಿತವಾದ ನಾಲ್ಕೇ ಛಾಯೆಗಳು; ಒಳಗಿನಿಂದ ಬೆಳಕಿಲ್ಲ. ಮರುವರ್ಷ ಬಂದ ಸೆಗಾ ಗೇಮ್ ಗೇರ್ ಯಂತ್ರಕ್ಕೆ ಅಷ್ಟೇ ಪಿಕ್ಸೆಲ್‌ಗಳಿದ್ದರೂ ಬಣ್ಣವೂ ಬೆಳಕೂ ಇದ್ದುವು. ಎಣಿಕೆಯ ಮಾರ್ಗದಿಂದ ಎರಡನೆಯದೇ ಗೆಲ್ಲಬೇಕು. ಆದರೆ ಗೇಮ್ ಬಾಯಿಯಲ್ಲಿ ಆಡುವ ‘ಟೆಟ್ರಿಸ್’ ಆಟವನ್ನು ನೋಡಿದರೆ ಅದರ ಚಿತ್ರವು ಪೂರ್ಣವಾದುದೆಂದು ಒಪ್ಪಬೇಕಾಗುವುದು. ಬೇರೆ ಯಂತ್ರಗಳಲ್ಲಿ ಬಣ್ಣದಿಂದ ಗುರುತಿಸುವ ಬಿಲ್ಲೆಗಳನ್ನು ಇಲ್ಲಿ ಬಗೆಬಗೆಯ ಗೆರೆ ಚುಕ್ಕಿಗಳ ನೆಯ್ಗೆಯಿಂದ ಬೇರ್ಪಡಿಸಿದ್ದಾರೆ. ಕಣ್ಣಿಗೆ ಬೇಕಾದ ವಿಷಯವೆಲ್ಲವೂ ಅಷ್ಟರಲ್ಲಿಯೇ ಇದೆ. ಆ ಪರದೆಗೆ ಇನ್ನೊಂದು ದೋಷವೂ ಉಂಟು: ವೇಗವಾಗಿ ಚಲಿಸಿದ ಆಕೃತಿಯು ಬಾಲದಂತೆ ಮಸುಕನ್ನು ಹಿಂದೆ ಬಿಡುವುದು. ಬಿಲ್ಲೆಗಳು ನಿಧಾನವಾಗಿ ಇಳಿಯುವ ಈ ಆಟಕ್ಕೆ ಆ ದೋಷವು ಅಷ್ಟಾಗಿ ತಟ್ಟುವುದಿಲ್ಲ; ನೆಗೆದೋಡುವ ಆಟಗಳಿಗಾದರೋ ಬಲವಾಗಿ ತಟ್ಟುವುದು. ಒಂದೇ ಯಂತ್ರದ ಒಂದೇ ದೋಷವು ಒಂದು ಕೃತಿಯನ್ನು ಕೆಡಿಸಿ ಇನ್ನೊಂದನ್ನು ಮುಟ್ಟದೆ ಬಿಡುವುದಾದರೆ, ಗುಣದೋಷವಿರುವುದು ಸಂಖ್ಯೆಯಲ್ಲಲ್ಲ, ಸಂಖ್ಯೆಗೂ ಉದ್ದೇಶಕ್ಕೂ ಇರುವ ಸಂಬಂಧದಲ್ಲಿ ಎಂಬುದು ಸಿದ್ಧವಾಗುವುದು.

ಎರಡನೆಯ ಉದಾಹರಣೆ ನಿಂಟೆಂಡೋ ಗೇಮ್‌ಕ್ಯೂಬ್ ಯಂತ್ರದ ‘ದಿ ಲೆಜೆಂಡ್ ಆಫ್ ಜೆಲ್ಡಾ: ದಿ ವಿಂಡ್ ವೇಕರ್’. ೨೦೦೦ದಲ್ಲಿ ಆ ಯಂತ್ರದ ಶಕ್ತಿಯನ್ನು ತೋರಿಸಲೆಂದು ಪ್ರದರ್ಶಿಸಿದ ತುಣುಕಿನಲ್ಲಿ ಈ ಮಾಲೆಯ ವೀರನು ನಿಜಮನುಷ್ಯನಿಗೆ ಹತ್ತಿರವಾದ ರೂಪದಲ್ಲಿ ಕತ್ತಿಯ ಕಾಳಗವಾಡಿದ್ದನು. ಮರುವರ್ಷ ನಿಜವಾದ ಆಟವನ್ನು ತೋರಿಸಿದಾಗ ಅವನು ದೊಡ್ಡ ತಲೆಯ, ದಪ್ಪ ರೇಖೆಗಳ, ಚಪ್ಪಟೆ ಬಣ್ಣಗಳ ವ್ಯಂಗ್ಯಚಿತ್ರದ ಬಾಲಕನಾಗಿದ್ದನು. ಶಕ್ತಿಯಿದ್ದೂ ಬಳಸಲಿಲ್ಲವೆಂದು ಅನೇಕರು ಆಕ್ಷೇಪಿಸಿದರು. ೨೦೦೨ರ ಕೊನೆಯಲ್ಲಿ ಆಟವು ಹೊರಬಂದಾಗ ತಿಳಿದದ್ದೇನೆಂದರೆ, ಆ ಬಾಲಕನ ದೊಡ್ಡ ಕಣ್ಣುಗಳು ಬರಿಯ ಅಲಂಕಾರವಲ್ಲ. ಕೋಣೆಯಲ್ಲಿ ಗಮನಿಸಬೇಕಾದ ವಸ್ತುವಿದ್ದರೆ ಆ ಕಣ್ಣುಗಳು ಅತ್ತ ಹೊರಳುವುವು, ಆಟಗಾರನು ಅದರಿಂದ ಸುಳಿವನ್ನು ಪಡೆಯುವನು. ಮುಖದ ಸೂಕ್ಷ್ಮತೆಯನ್ನು ಬಿಟ್ಟುಕೊಟ್ಟು ಮುಖದ ಮಾತನ್ನು ಸಂಪಾದಿಸಿದ ವಿನಿಯೋಗವಿದು. ಅದೇ ವರ್ಷಗಳಲ್ಲಿ ನಿಜರೂಪವನ್ನು ಬೆನ್ನಟ್ಟಿದ ಅನೇಕ ಆಟಗಳ ಮುಖಗಳು ಇಂದು ಮೇಣದ ಬೊಂಬೆಗಳಂತೆ ತೋರುತ್ತಿರಲು, ಈ ಚಿತ್ರವು ಇಂದಿಗೂ ಮಾಸದೆ ನಿಂತಿದೆ.

೩

ಎರಡನೆಯ ಮಾರ್ಗವು ಮೇಲುನೋಟಕ್ಕೆ ಹೆಚ್ಚು ಧರ್ಮವಾದುದೆಂದು ಕಾಣುವುದು. ಆದರೆ ಅದರಲ್ಲಿಯೂ ಮೂರು ದೋಷಗಳುಂಟು.

ಮೊದಲನೆಯದು, ಯಂತ್ರದ ಮಿತಿಯು ಇಷ್ಟೇ ಎಂದು ಮುಂಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಅಟಾರಿ ಯಂತ್ರವನ್ನು ಕಟ್ಟಿದವರ ಮುಂದೆ ಇದ್ದದ್ದು ಚೆಂಡಾಟದ ‘ಪಾಂಗ್’, ಟ್ಯಾಂಕುಗಳ ಕಾಳಗದ ‘ಟ್ಯಾಂಕ್’ ಎಂಬಂಥ ಆಟಗಳು. ಆದುದರಿಂದ ಅದರ ಚಿತ್ರಾಂಗಕ್ಕೆ ಆಟಗಾರರ ಎರಡು ಆಕೃತಿಗಳು, ಎರಡು ಗುಂಡುಗಳು, ಒಂದು ಚೆಂಡು, ಹಿನ್ನೆಲೆಗೆ ಒಂದು ಒರಟು ಗೋಡೆ ಇಷ್ಟನ್ನೇ ಒದಗಿಸಿದ್ದರು. ಪೂರ್ಣಚಿತ್ರವನ್ನು ಇಟ್ಟುಕೊಳ್ಳಲು ಅದರಲ್ಲಿ ಸ್ಥಳವೇ ಇರಲಿಲ್ಲ, ಟಿ.ವಿ.ಯ ಕಿರಣವು ಗೆರೆಯಿಂದ ಗೆರೆಗೆ ಇಳಿಯುತ್ತಿರುವಾಗಲೇ ಮುಂದಿನ ಗೆರೆಗೆ ಬೇಕಾದುದನ್ನು ಒದಗಿಸುತ್ತ ಹೋಗಬೇಕಾಗಿತ್ತು. ಐದು ವರ್ಷಗಳ ಮೇಲೆ, ೧೯೮೨ರಲ್ಲಿ, ಆಕ್ಟಿವಿಷನ್ ಸಂಸ್ಥೆಯ ಡೇವಿಡ್ ಕ್ರೇನ್ ಎಂಬಾತನು ಇದೇ ಯಂತ್ರಕ್ಕಾಗಿ ‘ಪಿಟ್‌ಫಾಲ್’ ಎಂಬ ಆಟವನ್ನು ರಚಿಸಿದನು. ಕಾಡು, ಓಡುವ ಮನುಷ್ಯ, ಬಾಯಿ ತೆರೆಯುವ ಮೊಸಳೆಗಳು, ತೂಗಾಡುವ ಬಳ್ಳಿ, ನೆಲದಡಿಯ ಸುರಂಗ ಇವೆಲ್ಲವೂ ಸೇರಿ ೨೫೫ ದೃಶ್ಯಗಳು ೪ ಕಿಲೋಬೈಟಿನ ಕಾರ್ಟ್ರಿಡ್ಜಿನೊಳಗೆ ಹಿಡಿದುವು. ಏಕೆಂದರೆ ಅವನು ದೃಶ್ಯಗಳನ್ನು ಕೂಡಿಡದೆ ಒಂದರಿಂದ ಮುಂದಿನದನ್ನು ಗಣಿತದಿಂದ ಹುಟ್ಟಿಸಿದನು. ೧೯೭೭ರ ವಿಮರ್ಶಕನು ಈ ಯಂತ್ರದ ಶಕ್ತಿಯನ್ನು ಅಳೆದು ರಿಯಾಯಿತಿಯ ಪ್ರಮಾಣವನ್ನು ಗೊತ್ತುಮಾಡಿದ್ದರೆ ಅದು ಸುಳ್ಳಾಗುತ್ತಿತ್ತು. ಮಿತಿಯು ತಿಳಿಯುವುದು ಕೃತಿಗಳಿಂದಲೇ. ಕೃತಿಯ ತೀರ್ಪಿಗೆ ಅದು ಮೊದಲೇ ಸಿದ್ಧವಾದ ಅಳತೆಯಾಗಲಾರದು.

ಎರಡನೆಯದು, ಬಲವೆಂಬುದು ಒಂದೇ ಗುಣವಲ್ಲ. ಸೆಗಾ ಮೆಗಾ ಡ್ರೈವ್ (೧೯೮೮), ಸೂಪರ್ ನಿಂಟೆಂಡೋ (೧೯೯೦) ಇವೆರಡೂ ಒಂದೇ ಕಾಲದ ಪ್ರತಿಸ್ಪರ್ಧಿಗಳು. ಬಣ್ಣಗಳಲ್ಲಿ ಎರಡನೆಯದು ಶ್ರೀಮಂತ: ೩೨,೭೬೮ ಬಣ್ಣಗಳಿಂದ ೨೫೬ನ್ನು ಒಮ್ಮೆಗೆ ತೋರಿಸಬಲ್ಲುದು, ಮೊದಲನೆಯದು ೫೧೨ರಿಂದ ಸುಮಾರು ೬೦ನ್ನು ಮಾತ್ರ. ಆದರೆ ಮೊದಲನೆಯದರ ಪ್ರೊಸೆಸರು ಹೆಚ್ಚು ವೇಗದ್ದು, ಅಡ್ಡಲಾಗಿ ಪಿಕ್ಸೆಲ್‌ಗಳೂ ಹೆಚ್ಚು. ಪ್ಲೇಸ್ಟೇಷನ್ (೧೯೯೪), ನಿಂಟೆಂಡೋ ೬೪ (೧೯೯೬) ಇವುಗಳ ಸಂಗತಿಯೂ ಹೀಗೆಯೇ. ಮೊದಲನೆಯದರಲ್ಲಿ ಗೋಡೆ ನೆಲಗಳ ಮೇಲೆ ಹೊದಿಸಿದ ಚಿತ್ರಗಳು ಓರೆಯಾಗಿ ನೋಡಿದಾಗ ಸೊಟ್ಟಗಾಗಿ ಕುಲುಕುವುವು. ಎರಡನೆಯದರಲ್ಲಿ ಅವು ಸ್ಥಿರವಾಗಿ ನಿಲ್ಲುವುವು, ಆದರೆ ಆ ಹೊದಿಕೆಗಳಿಗಾಗಿ ಇರುವ ಒಳಸ್ಥಳವು ೪ ಕಿಲೋಬೈಟ್ ಮಾತ್ರವಾದುದರಿಂದ ಮಂಜುಮಂಜಾಗಿ ಕಾಣುವುವು. ಇವುಗಳಲ್ಲಿ ಯಾವುದನ್ನು ಬಲಶಾಲಿಯೆಂದು ಹಿಡಿದು ಯಾವುದಕ್ಕೆ ರಿಯಾಯಿತಿ ತೋರಬೇಕು?

ಮೂರನೆಯ ದೋಷವು ಇವೆರಡಕ್ಕಿಂತಲೂ ದೊಡ್ಡದು. ರಿಯಾಯಿತಿಯು ಕ್ರಮೇಣ ಅಭಯವಾಗುವುದು. ಕರ್ತೃವಿನ ಅಜಾಗರೂಕತೆಯೂ ಯಂತ್ರದ ತಲೆಯ ಮೇಲೆ ಹೊರಿಸಲ್ಪಡುವುದು. ೧೯೮೨ರಲ್ಲಿ ಅಟಾರಿಗೆ ಇಳಿಸಿದ ‘ಪ್ಯಾಕ್‌ಮನ್’ ಆಟದಲ್ಲಿ ನಾಲ್ಕು ಭೂತಗಳನ್ನು ಒಂದು ಫ್ರೇಮಿಗೆ ಒಂದರಂತೆ ಸರದಿಯಿಂದ ಬಿಡಿಸಿದ್ದರಿಂದ ಅವು ಎಡೆಬಿಡದೆ ಮಿಣುಕುತ್ತಿದ್ದುವು. ಯಂತ್ರವು ಬಡವಾದುದರಿಂದ ಇದು ಅನಿವಾರ್ಯವೆನ್ನಬಹುದಾಗಿತ್ತು. ಆದರೆ ಸ್ವಲ್ಪಕಾಲದ ಮೇಲೆ ಅದೇ ಯಂತ್ರಕ್ಕೆ ಬಂದ ‘ಮಿಸ್ ಪ್ಯಾಕ್‌ಮನ್’ ಆಟದಲ್ಲಿ ಭೂತಗಳು ಒಂದೇ ಗೆರೆಗೆ ಬಂದಾಗ ಹೊರತು ಹೆಚ್ಚಾಗಿ ಮಿಣುಕುವುದಿಲ್ಲ. ಹಣ್ಣುಗಳೂ ಚಕ್ರವ್ಯೂಹಗಳೂ ಗುರುತು ಹಿಡಿಯುವಂತಿವೆ. ನ್ಯಾಯವಾಗಿ ಹೇಳಬೇಕಾದರೆ ಈ ಎರಡನೆಯದಕ್ಕೆ ೮ ಕಿಲೋಬೈಟಿನ ಕಾರ್ಟ್ರಿಡ್ಜು ದೊರೆತಿತ್ತು, ಮೊದಲನೆಯದಕ್ಕೆ ೪ ಮಾತ್ರ. ಆದರೆ ಚಿತ್ರವನ್ನು ಬಿಡಿಸುವ ಅಂಗವು ಎರಡಕ್ಕೂ ಒಂದೇ. ಆದುದರಿಂದ ಮೊದಲನೆಯದರ ಕೊರತೆಯಲ್ಲಿ ಒಂದು ಪಾಲು ಯಂತ್ರದ್ದಾದರೆ, ಒಂದು ಪಾಲು ಸ್ಥಳವನ್ನು ಮೊಟಕುಮಾಡಿದ ಪ್ರಕಾಶಕರದ್ದು, ಉಳಿದದ್ದು ರಚನೆಯದ್ದು. ಇವನ್ನು ಬೇರ್ಪಡಿಸದೆ ಕರುಣೆಯನ್ನು ತೋರುವುದು ವಿಮರ್ಶೆಯೆನಿಸದು.

೪

ಎರಡು ಮಾರ್ಗಗಳೂ ಹೀಗೆ ಸೋತುದಕ್ಕೆ ಕಾರಣವೊಂದೇ: ಎರಡೂ ಚಿತ್ರವನ್ನು ಪ್ರಮಾಣವೆಂದು ಭಾವಿಸುವುವು. ಒಂದು ಆ ಪ್ರಮಾಣವನ್ನು ಹಾಗೆಯೇ ತೂಗುವುದು; ಇನ್ನೊಂದು ಯಂತ್ರಬಲದಿಂದ ಭಾಗಿಸಿ ತೂಗುವುದು. ಭಾರತೀಯ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಒಂದು ಬೇರೆ ದಾರಿಯು ಹಿಂದೆಯೇ ಗೋಚರವಾಗಿದೆ. ೧೧ನೆಯ ಶತಮಾನದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಪ್ರತಿಪಾದಿಸಿರುವನು. ಗುಣಾಲಂಕಾರಗಳು ತಮ್ಮಷ್ಟಕ್ಕೆ ತಾವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ. ತಕ್ಕ ಸ್ಥಾನದಲ್ಲಿದ್ದರೆ ಶೋಭಿಸುವುವು. ಈ ತತ್ತ್ವವನ್ನು ಆಟದ ಚಿತ್ರಕ್ಕೆ ಅನ್ವಯಿಸಿದರೆ ವಿಮರ್ಶಕನು ಕೇಳಬೇಕಾದ ಪ್ರಶ್ನೆಗಳು ಮೂರಾಗುವುವು. ಆಟಗಾರನು ಕಾಣಬೇಕಾದುದು ಅವನಿಗೆ ಸ್ಪಷ್ಟವಾಗಿ ಕಾಣುವುದೇ? ಇದ್ದ ಬಲವನ್ನು ಎಲ್ಲಿ ವೆಚ್ಚಮಾಡಿ ಎಲ್ಲಿ ಉಳಿಸಿದ್ದಾರೆ, ಆ ಆಯವ್ಯಯವು ಆಟದ ಭಾವಕ್ಕೆ ಹೊಂದುವುದೇ? ಕಡೆಗೂ ನೀಗದೆ ಉಳಿದ ಕೊರತೆಯು ಕೊರತೆಯಾಗಿಯೇ ಉಳಿದಿದೆಯೇ, ಅಥವಾ ಅರ್ಥವಾಗಿ ಪರಿಣಮಿಸಿದೆಯೇ?

ಈ ಪ್ರಶ್ನೆಗಳು ಬಡಯಂತ್ರಕ್ಕೂ ಬಲಯಂತ್ರಕ್ಕೂ ಸಮಾನವಾದುವು. ಇವುಗಳಲ್ಲಿ ಕನಿಕರಕ್ಕೆ ಎಡೆಯಿಲ್ಲ. ಮೊದಲನೆಯ ಪ್ರಶ್ನೆಯ ಮುಂದೆ ಬಲಯಂತ್ರವೇ ಅನೇಕವೇಳೆ ತಡವರಿಸುವುದು. ಕೋಣೆಯೊಂದರಲ್ಲಿರುವ ನೂರಾರು ವಸ್ತುಗಳೂ ಸಮಾನವಾದ ಸೂಕ್ಷ್ಮತೆಯಿಂದ ಬಿಡಿಸಲ್ಪಟ್ಟರೆ ಯಾವುದು ಮುಟ್ಟಲು ಬರುವುದು, ಯಾವುದು ಬರಿಯ ಹಿನ್ನೆಲೆ ಎಂಬುದು ತಿಳಿಯದು. ೨೦೨೩ರಲ್ಲಿ ಹೊಸದಾಗಿ ಕಟ್ಟಿದ ‘ರೆಸಿಡೆಂಟ್ ಈವಿಲ್ ೪’ರಲ್ಲಿ ಒಡೆಯಬಹುದಾದ ಪೀಪಾಯಿ ಪೆಟ್ಟಿಗೆಗಳ ಮೇಲೆ ಹಳದಿ ಬಣ್ಣವನ್ನು ಬಳಿಯಬೇಕಾಗಿ ಬಂದುದು ಈ ಕಾರಣದಿಂದಲೇ. ಚಿತ್ರವು ಹೇಳಲಾರದುದನ್ನು ಅದರ ಮೇಲೆ ಚೀಟಿ ಅಂಟಿಸಿ ಹೇಳಿದಂತಾಯಿತು.

ಎರಡನೆಯ ಪ್ರಶ್ನೆಗೆ ೧೯೮೫ರ ‘ಸೂಪರ್ ಮಾರಿಯೋ ಬ್ರದರ್ಸ್’ ಒಳ್ಳೆಯ ಲಕ್ಷ್ಯ. ಇಡೀ ಆಟವು ೪೦ ಕಿಲೋಬೈಟಿನೊಳಗೆ ಅಡಗಿದೆ. ಅದರಲ್ಲಿ ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಆಕೃತಿ. ಬಿಳಿಯ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಆಟಗಾರನು ಮುಟ್ಟದ, ಮುಟ್ಟಬೇಕಾಗಿಯೂ ಇಲ್ಲದ ಹಿನ್ನೆಲೆಯಲ್ಲಿ ಉಳಿತಾಯಮಾಡಿ, ಅವನ ಕಣ್ಣು ನೆಟ್ಟಿರುವ ನಾಯಕನ ಓಟ, ನೆಗೆತ, ಜಾರುವಿಕೆಗಳಲ್ಲಿ ವೆಚ್ಚಮಾಡಿದ್ದಾರೆ. ಮಿತವ್ಯಯವೆಂದರೆ ಕಾರ್ಪಣ್ಯವಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನವು ದೊರೆಯಲಾರದು.

ಮೂರನೆಯ ಪ್ರಶ್ನೆಯು ಅತ್ಯಂತ ಸೂಕ್ಷ್ಮವಾದುದು. ಮೂರು ಆಯಾಮಗಳ ಆಟಗಳು ಮೊದಲಾದ ಕಾಲದಲ್ಲಿ ಯಂತ್ರಗಳಿಗೆ ದೂರದ ವಸ್ತುಗಳನ್ನು ಬಿಡಿಸಲು ಬಲವಿರಲಿಲ್ಲ. ಅವು ಹತ್ತಿರ ಬಂದಾಗ ಥಟ್ಟನೆ ಮೂಡಿಬರುವ ಅಸಂಗತವನ್ನು ಮರೆಮಾಡಲು ಮಂಜನ್ನು ಕವಿಸುವ ಉಪಾಯವು ಬಳಕೆಗೆ ಬಂದಿತು. ೧೯೯೭ರಲ್ಲಿ ನಿಂಟೆಂಡೋ ೬೪ಕ್ಕೆ ಬಂದ ‘ಟುರಾಕ್’ ಆಟದ ಕಾಡಿನಲ್ಲಿಯೂ ಮಂಜುಂಟು, ೧೯೯೯ರಲ್ಲಿ ಪ್ಲೇಸ್ಟೇಷನ್ನಿಗೆ ಬಂದ ‘ಸೈಲೆಂಟ್ ಹಿಲ್’ ಆಟದ ಊರಿನಲ್ಲಿಯೂ ಮಂಜುಂಟು. ಉಪಾಯವು ಒಂದೇ, ಕಾರಣವೂ ಒಂದೇ. ಆದರೆ ‘ಟುರಾಕ್’ ಬೇಟೆಯ ಆಟ. ದೂರದಿಂದಲೇ ಗುರಿಯಿಡಬೇಕಾದಲ್ಲಿ ಮಂಜು ಕಣ್ಣಿಗೆ ಅಡ್ಡವಾಗುವುದು. ‘ಸೈಲೆಂಟ್ ಹಿಲ್’ನಲ್ಲಿ ತಂದೆಯೊಬ್ಬನು ಕಾಣೆಯಾದ ಮಗಳನ್ನು ಬರಿದಾದ ಊರಿನಲ್ಲಿ ಹುಡುಕುವನು. ಅವನ ಬಳಿಯಿರುವ ಸಣ್ಣ ರೇಡಿಯೋ ಪೆಟ್ಟಿಗೆಯು ವಿಕಾರಪ್ರಾಣಿಗಳು ಹತ್ತಿರ ಬಂದಾಗ ಕರಕರ ಸದ್ದುಮಾಡುವುದು. ಕಿವಿಗೆ ತಿಳಿದ ಭಯವು ಕಣ್ಣಿಗೆ ಕಾಣದೆ ಇರುವುದರಿಂದಲೇ ಅಲ್ಲಿಯ ಭಯಾನಕರಸವು ಪುಷ್ಟವಾಗುವುದು. ಒಂದೆಡೆ ಮಂಜು ತೇಪೆ; ಇನ್ನೊಂದೆಡೆ ಅದೇ ವಿಭಾವ. ‘ಈ ಯಂತ್ರಕ್ಕೆ ಇಷ್ಟು ಸಾಕು’ ಎಂಬ ರಿಯಾಯಿತಿಯ ಮಾತು ಈ ಎರಡಕ್ಕೂ ಸಮಾನವಾಗಿ ಅಂಕವನ್ನು ಕೊಟ್ಟುಬಿಡುತ್ತಿತ್ತು.

ಆದರೆ ಕೊರತೆಯನ್ನೆಲ್ಲ ಅರ್ಥವೆಂದು ಸಾಧಿಸುವ ಜಾಣತನಕ್ಕೂ ಕಡಿವಾಣವಿರಬೇಕು. ೨೦೦೫ರಲ್ಲಿ ಪ್ಲೇಸ್ಟೇಷನ್ ೨ಕ್ಕೆ ಬಂದ ‘ಷ್ಯಾಡೋ ಆಫ್ ದ ಕೊಲಾಸಸ್’ ಎಂಬ ಆಟದಲ್ಲಿ ಹದಿನಾರು ಬೃಹದಾಕಾರದ ಪ್ರಾಣಿಗಳ ರೋಮವನ್ನು ಹಿಡಿದು ಏರಿ ಅವನ್ನು ಕೊಲ್ಲಬೇಕು. ಯಂತ್ರದ ಶಕ್ತಿಗೆ ಮೀರಿದ ಈ ಸಾಹಸದಿಂದ ಚಿತ್ರದ ವೇಗವು ಮುಖ್ಯ ಸನ್ನಿವೇಶಗಳಲ್ಲಿಯೇ ಕುಸಿಯುವುದು. ಆ ಮಂದಗತಿಯೇ ಪ್ರಾಣಿಗಳ ಭಾರವನ್ನು ವ್ಯಂಜಿಸುವುದೆಂದು ಸಮರ್ಥಿಸುವುದು ಸುಲಭ. ಆದರೆ ೨೦೧೮ರಲ್ಲಿ ಪ್ಲೇಸ್ಟೇಷನ್ ೪ಕ್ಕಾಗಿ ಈ ಆಟವನ್ನು ಹೊಸದಾಗಿ ಕಟ್ಟಿದಾಗ, ಅದರ ಹೆಚ್ಚು ಬಲದ ‘ಪ್ರೊ’ ಯಂತ್ರದಲ್ಲಿ ಚಿತ್ರವು ಸೆಕೆಂಡಿಗೆ ಅರುವತ್ತು ಫ್ರೇಮುಗಳ ವೇಗದಲ್ಲಿ ಓಡಿದರೂ ಪ್ರಾಣಿಗಳ ಭಾರವು ಎಳ್ಳಷ್ಟೂ ಕಡಮೆಯಾಗಲಿಲ್ಲ. ಆ ಭಾರವು ಹೆಜ್ಜೆಯೆತ್ತಿ ಇಡುವ ಚಲನೆಯ ರಚನೆಯಲ್ಲಿದ್ದಿತೇ ಹೊರತು ಯಂತ್ರದ ಏದುಸಿರಿನಲ್ಲಿ ಇರಲಿಲ್ಲವೆಂದು ಇದರಿಂದ ತಿಳಿಯುವುದು. ೨೦೦೫ರ ಕುಸಿತವು ದೋಷವೇ; ಆದರೆ ವೆಚ್ಚವು ಸರಿಯಾದ ಸ್ಥಳದಲ್ಲಿ ಆದುದರಿಂದ ಬಂದ ದೋಷವಾದ ಕಾರಣ, ಕೃತಿಯ ಒಟ್ಟು ಹಿರಿಮೆಯನ್ನು ಅದು ಕೆಡಿಸಲಾರದು. ಬೇರೆಬೇರೆ ಯಂತ್ರಗಳ ಹೋಲಿಕೆಯು ವಿಮರ್ಶಕನಿಗೆ ನಿಜವಾಗಿ ಉಪಕಾರಿಯಾಗುವುದು ಇಂಥಲ್ಲಿ: ಯಾವುದು ಯಂತ್ರದ್ದು, ಯಾವುದು ಕರ್ತೃವಿನದು ಎಂಬುದನ್ನು ಅದು ಸೋಸಿ ಕೊಡುವುದು.

೫

ಒಂದೇ ಆಟವು ಬಲಾಬಲಗಳು ಬೇರೆಯಾದ ಎರಡು ಯಂತ್ರಗಳಲ್ಲಿ ಬಂದಾಗ ತೀರ್ಪು ಒಂದಾಗಬೇಕೋ ಎರಡಾಗಬೇಕೋ ಎಂಬ ಪ್ರಶ್ನೆಯು ಉಳಿದಿದೆ. ಮೂಲ ‘ರೆಸಿಡೆಂಟ್ ಈವಿಲ್ ೪’ ೨೦೦೫ರ ಜನವರಿಯಲ್ಲಿ ಗೇಮ್‌ಕ್ಯೂಬಿನಲ್ಲಿಯೂ ಅಕ್ಟೋಬರಿನಲ್ಲಿ ಪ್ಲೇಸ್ಟೇಷನ್ ೨ರಲ್ಲಿಯೂ ಬಂದಿತು. ಎರಡನೆಯದರಲ್ಲಿ ಬೆಳಕಿನ ವಿನ್ಯಾಸವು ಬಡವಾಯಿತು, ಮರಗಳು ವಿರಳವಾದುವು. ಕಥೆಯ ನಡುವಣ ದೃಶ್ಯಗಳನ್ನು ಯಂತ್ರವು ಆಗಲೇ ಬಿಡಿಸಲಾರದೆ ಮೊದಲೇ ಮುದ್ರಿಸಿದ ವೀಡಿಯೋವನ್ನು ತೋರಿಸಬೇಕಾಯಿತು. ಅದರ ಫಲವಾಗಿ, ಆಟಗಾರನು ನಾಯಕನ ಉಡುಪನ್ನು ಬದಲಾಯಿಸಿದ್ದರೂ ಆ ದೃಶ್ಯಗಳಲ್ಲಿ ಅವನು ಹಳೆಯ ಉಡುಪಿನಲ್ಲಿಯೇ ಕಾಣಿಸಿಕೊಳ್ಳುವನು. ಆದರೆ ನಾಯಕನ ಹೆಗಲ ಹಿಂದಿನಿಂದ ನೋಡುವ ದೃಷ್ಟಿಕೋನ, ಸುತ್ತುವರಿಯುವ ಹಳ್ಳಿಯವರು, ಅವರ ನಡುವಣ ಅಂತರ ಇವು ಮಾರ್ಪಡಲಿಲ್ಲ. ಇಲ್ಲಿ ಅಲಂಕಾರವು ಕುಂದಿದೆ, ಶರೀರವು ಉಳಿದಿದೆ; ಎರಡೂ ಪಾಠಗಳನ್ನು ಹೆಸರಿಸಿ ಎರಡು ತೀರ್ಪುಗಳನ್ನು ಕೊಡುವುದೇ ಯುಕ್ತ.

೨೦೧೫ರಲ್ಲಿ ಬಂದ ‘ದಿ ವಿಚರ್ ೩’ ಎಂಬ ವಿಶಾಲವಾದ ಆಟವನ್ನು ೨೦೧೯ರಲ್ಲಿ ನಿಂಟೆಂಡೋ ಸ್ವಿಚ್ ಎಂಬ ಸಣ್ಣ ಯಂತ್ರಕ್ಕೆ ಇಳಿಸಿದಾಗ ಅನುಬಂಧಗಳ ಸಮೇತವಾಗಿ ಎಲ್ಲವೂ ೩೨ ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಅಡಗಿತು. ಕೈಯಲ್ಲಿ ಹಿಡಿದಾಗ ಚಿತ್ರವು ೫೪೦ ಗೆರೆಗಳಿಗೆ ಇಳಿಯಿತು. ಇದನ್ನು ಪವಾಡವೆಂದು ಹೊಗಳಿದವರು ಅನೇಕರು. ಆ ಹೊಗಳಿಕೆಯು ಇಳಿಸಿದವರ ಕೌಶಲಕ್ಕೆ ಸಲ್ಲತಕ್ಕದ್ದು. ದೂರದ ಹುಲ್ಲು ಮರಗಳು ಮಸುಕಾಗಿ ಕಲೆಯುವ ಚಿತ್ರಕ್ಕೆ ಅದು ತಾನಾಗಿ ಸಲ್ಲುವುದಿಲ್ಲ. ಕೌಶಲದ ಪ್ರಶಂಸೆಯನ್ನೂ ಕೃತಿಯ ಪ್ರಶಂಸೆಯನ್ನೂ ಬೆರೆ‌ಸಿದರೆ ಓದುಗನು ಮೋಸಹೋಗುವನು.

ಓದುಗನು ಮೋಸಹೋಗುವುದೆಂಬುದು ಅಲಂಕಾರದ ಮಾತಲ್ಲ. ೨೦೨೦ರ ಡಿಸೆಂಬರ್ ೧೦ರಂದು ‘ಸೈಬರ್‌ಪಂಕ್ ೨೦೭೭’ ಆಟವು ಬಿಡುಗಡೆಯಾಗುವ ಮುನ್ನ ವಿಮರ್ಶಕರಿಗೆ ದೊರೆತದ್ದು ಗಣಕಯಂತ್ರದ ಪ್ರತಿ ಮಾತ್ರ. ಅದರ ಮೇಲೆ ಬರೆದ ಪ್ರಶಂಸೆಗಳನ್ನು ನಂಬಿ, ೨೦೧೩ರಲ್ಲಿ ಬಂದಿದ್ದ ಹಳೆಯ ಕನ್ಸೋಲುಗಳಿಗಾಗಿ ಆಟವನ್ನು ಕೊಂಡವರಿಗೆ ಕಂಡದ್ದು ಬೇರೆಯೇ ಚಿತ್ರ: ರೂಪುಗೊಳ್ಳದ ಮುಖಗಳು, ತಡವಾಗಿ ಮೂಡುವ ಗೋಡೆಗಳು, ನಡುನಡುವೆ ನಿಂತೇಹೋಗುವ ಆಟ. ಒಂದು ವಾರದೊಳಗಾಗಿ ಸೋನಿ ಸಂಸ್ಥೆಯು ಅದನ್ನು ತನ್ನ ಮಳಿಗೆಯಿಂದ ತೆಗೆದು ಹಣವನ್ನು ಹಿಂದಿರುಗಿಸತೊಡಗಿತು. ೨೦೨೧ರ ಜೂನ್ ತಿಂಗಳವರೆಗೂ ಅದು ಅಲ್ಲಿಗೆ ಮರಳಲಿಲ್ಲ. ಹೆಚ್ಚು ಬೆಲೆಯ ಯಂತ್ರವನ್ನು ಕೊಳ್ಳಲಾರದವನೇ ಇಂಥ ತೀರ್ಪಿನಿಂದ ಹೆಚ್ಚಾಗಿ ನಷ್ಟಪಡುವವನು. ಆದುದರಿಂದ ಯಾವ ಯಂತ್ರದಲ್ಲಿ ನೋಡಿದ ಚಿತ್ರವೆಂಬುದನ್ನು ಹೇಳದ ವಿಮರ್ಶೆಯು ಯಾವ ಪ್ರತಿಯನ್ನು ಓದಿದ್ದೆಂದು ಹೇಳದ ಗ್ರಂಥಪರಿಶೋಧನೆಯಂತೆ ಅಪ್ರಮಾಣವಾದುದು.

೬

ಗ್ರಂಥಸಂಪಾದನೆಯ ಈ ಹೋಲಿಕೆಯು ಇನ್ನೂ ಒಂದು ಹೆಜ್ಜೆ ಮುಂದೆ ನಡೆಯುವುದು. ಹಳೆಯ ಆಟವನ್ನು ಇಂದು ನೋಡುವವನು ನೋಡುತ್ತಿರುವುದು ಮೂಲಪಾಠವನ್ನೇ ಎಂಬುದರಲ್ಲಿ ಸಂಶಯವುಂಟು. ೧೯೯೧ರ ‘ಸೋನಿಕ್ ದ ಹೆಡ್ಜ್‌ಹಾಗ್’ ಆಟದ ಮೊದಲನೆಯ ಪ್ರದೇಶದಲ್ಲಿ ಜಲಪಾತಗಳಿವೆ. ಮೆಗಾ ಡ್ರೈವಿಗೆ ಪಾರದರ್ಶಕವಾದ ನೀರನ್ನು ನೇರವಾಗಿ ಬಿಡಿಸುವ ಶಕ್ತಿಯು ಇರಲಿಲ್ಲ. ಆದುದರಿಂದ ಒಂದು ಗೆರೆ ನೀರು, ಒಂದು ಗೆರೆ ತೆರಪು ಎಂಬಂತೆ ನಿಲುವುಗೆರೆಗಳನ್ನು ಎಳೆದರು. ಅಂದಿನ ಟಿ.ವಿ. ತಂತಿಯಲ್ಲಿಯೂ ಗಾಜಿನ ಕೊಳವೆಯ ಪರದೆಯಲ್ಲಿಯೂ ನೆರೆಯ ಗೆರೆಗಳು ಒಂದರೊಳಗೊಂದು ಕರಗಿ ತಿಳಿನೀರಿನ ಭ್ರಾಂತಿಯನ್ನು ಹುಟ್ಟಿಸುತ್ತಿದ್ದುವು. ಇಂದಿನ ಚಪ್ಪಟೆ ಪರದೆಯು ಪ್ರತಿಯೊಂದು ಪಿಕ್ಸೆಲನ್ನೂ ಕತ್ತರಿಸಿದಂತೆ ತೋರಿಸುವುದರಿಂದ ಅದೇ ಜಲಪಾತವು ಸರಳುಗಳ ಬೇಲಿಯಂತೆ ಕಾಣುವುದು. ಇದನ್ನು ನೋಡಿ ‘ಹಳೆಯ ಚಿತ್ರವು ಒರಟು’ ಎಂದು ತೀರ್ಪು ಕೊಡುವವನು ಲಿಪಿಕಾರನ ತಪ್ಪನ್ನು ಕವಿಯ ಮೇಲೆ ಹೊರಿಸಿದಂತಾಗುವುದು.

ತಿದ್ದಿದ ಮುದ್ರಣಗಳ ವಿಷಯದಲ್ಲಿಯೂ ಇದೇ ಎಚ್ಚರವು ಬೇಕು. ೨೦೦೧ರ ‘ಸೈಲೆಂಟ್ ಹಿಲ್ ೨’ ಆಟವನ್ನು ೨೦೧೨ರಲ್ಲಿ ಬಲವಾದ ಯಂತ್ರಗಳಿಗಾಗಿ ಮರಳಿ ಪ್ರಕಟಿಸಿದಾಗ ತಯಾರಕರಿಗೆ ದೊರೆತ ಮೂಲಸಾಮಗ್ರಿಯು ಅಂತಿಮಪ್ರತಿಯದ್ದಾಗಿರಲಿಲ್ಲ. ಮಂಜು ತೆಳುವಾಯಿತು, ಅದರ ಮರೆಯಲ್ಲಿರಬೇಕಾಗಿದ್ದ ಸರೋವರದ ಅಂಚು ಹಠಾತ್ತಾಗಿ ಕತ್ತರಿಸಿದಂತೆ ಬಯಲಾಯಿತು. ಪಿಕ್ಸೆಲ್‌ಗಳು ಹೆಚ್ಚಿದುವು, ಚಿತ್ರವು ಕೆಟ್ಟಿತು. ಎಣಿಕೆಯ ಮಾರ್ಗವು ಇದನ್ನು ಸುಧಾರಣೆಯೆಂದೇ ದಾಖಲುಮಾಡಬೇಕಾಗುವುದು. ಔಚಿತ್ಯದ ಮಾರ್ಗವು ಇದನ್ನು ಪಾಠಭ್ರಂಶವೆಂದು ಗುರುತಿಸುವುದು. ಹೊಸ ಪಾಠವು ಬಂದ ಮೇಲೆ ಹಳೆಯದು ಮಾರಾಟದಿಂದ ಮರೆಯಾಗುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾದುದರಿಂದ, ವಿಮರ್ಶಕನ ತಪ್ಪುತೀರ್ಪು ಇಲ್ಲಿ ಕೇವಲ ಅಭಿಪ್ರಾಯವಾಗಿ ಉಳಿಯದೆ ಕೃತಿಯ ಆಯುಸ್ಸನ್ನೇ ನಿರ್ಣಯಿಸುವುದು.

ಇಷ್ಟರಿಂದ ಫಲಿಸಿದುದೇನೆಂದರೆ: ಯಂತ್ರದ ಬಲಾಬಲಗಳನ್ನು ವಿಮರ್ಶಕನು ತಿಳಿದಿರಬೇಕು, ಆದರೆ ಅವುಗಳನ್ನು ಅಂಕವಾಗಿ ಕೂಡಿಸಲೂ ಬಾರದು, ಕಳೆಯಲೂ ಬಾರದು. ಆ ತಿಳಿವಳಿಕೆಯ ಪ್ರಯೋಜನವು ಕರ್ತೃವಿನ ಆಯ್ಕೆಯನ್ನು ಕಾಣುವುದರಲ್ಲಿದೆ. ಮಿತಿಯು ಗೊತ್ತಿಲ್ಲದವನಿಗೆ ಆಯ್ಕೆಯು ಕಾಣದು. ಆಯ್ಕೆಯನ್ನು ಕಂಡ ಮೇಲೆ ಅದು ಆಟಕ್ಕೆ ಉಚಿತವೋ ಅಲ್ಲವೋ ಎಂಬ ತೀರ್ಪು ಎಲ್ಲ ಯಂತ್ರಗಳಿಗೂ ಒಂದೇ ನಿಷ್ಠುರತೆಯಿಂದ ಸಲ್ಲಬೇಕು. ಯಾವ ಯಂತ್ರದಲ್ಲಿ, ಯಾವ ಪಾಠವನ್ನು, ಯಾವ ಪರದೆಯ ಮೇಲೆ ನೋಡಿದ್ದೆಂಬುದನ್ನು ತೀರ್ಪಿನೊಡನೆ ಬರೆದಿಡುವುದು ಅವಶ್ಯವಾದ ವಿಧಿಯೆನಿಸಬೇಕು. ಹಸ್ತಪ್ರತಿಗಳನ್ನು ಸಂಗ್ರಹಿಸಿ, ಪಾಠಾಂತರಗಳನ್ನು ಗುರುತಿಸಿ, ಕಾವ್ಯವನ್ನು ಅದರ ಕಾಲದ ಕಟ್ಟಿನಲ್ಲಿಟ್ಟು ಓದುವ ಶಿಸ್ತು ಸಾಹಿತ್ಯಾಧ್ಯಾಪಕರಿಗೆ ಹೊಸದಲ್ಲ. ಆ ಶಿಸ್ತು ಈ ಹೊಸ ಕಲೆಯ ಕಡೆಗೂ ಹರಿದರೆ, ಮೂಲಯಂತ್ರಗಳೂ ಮೂಲಪರದೆಗಳೂ ಕೆಟ್ಟು ಹಾಳಾಗುವ ಮುನ್ನ ಉಳಿಸಬೇಕಾದ ಪಾಠಗಳು ಯಾವುವೆಂಬುದನ್ನು ಗೊತ್ತುಮಾಡುವ ಕೆಲಸಕ್ಕೆ ಮೊದಲಾಗುವುದು.